ನಾಲ್ಕನೇ ಜ್ವರದ ಪೊಟ್ಟಣ

ಬಳೆ ನನ್ನ ಹೆಬ್ಬೆರಳಿನ ಬುಡಕ್ಕೆ ಬಂದು ಕಚ್ಚಿಕೊಂಡಿತು. ವರಲಕ್ಷ್ಮಮ್ಮ ಬಿಡುವ ಹೆಂಗಸಲ್ಲ. ನನ್ನ ಅಂಗೈ ಹಿಂಡಿ, ಹರಳೆಣ್ಣೆ ಸವರಿ, ಮತ್ತೊಮ್ಮೆ ತಳ್ಳಿದಳು. ಬಳೆ ಅಲ್ಲಾಡಲಿಲ್ಲ, ನನ್ನ ಕಣ್ಣಲ್ಲಿ ಮಾತ್ರ ನೀರು ಬಂತು.

“ಇದು ಒಂದನೇ ಬಳೆ ಕಣ್ರಮ್ಮ. ನಾಲ್ಕರಲ್ಲಿ ಇದೇ ದೊಡ್ಡದು. ನಿಮ್ಮ ತಂಗಿ ಮಗಳೂ ನಿಮ್ಮಂಗೇ ಅಂತೀರ?”

“ನನಗಿಂತ ಒಂದು ಸುತ್ತು ಹೆಚ್ಚು,” ಎಂದೆ.

ನನಗೆ ತಂಗಿಯೇ ಇಲ್ಲ. ನಾನು ಗಿರಿಜಾಂಬ, ಕ್ಲೋಸ್‌ಪೇಟೆ ಸರ್ಕಾರಿ ಆಸ್ಪತ್ರೆಯ ನರ್ಸು. ತೂಕ ಏಳೂವರೆ ಮಣ, ಅದರಲ್ಲಿ ಮುಚ್ಚುಮರೆ ಏನಿದೆ. ಇಪ್ಪತ್ತು ವರ್ಷ ಜನರ ಬಾಯಲ್ಲಿ ಆಡಿಸಿಕೊಂಡ ಈ ಮೈ ಅಂದು ಮೊದಲ ಸಲ ಕೆಲಸಕ್ಕೆ ಬಂದಿತ್ತು. ತೆಳ್ಳಗಿನ ನರ್ಸು ಯಾರಾದರೂ ಹೋಗಿದ್ದರೆ ಚನ್ನಪಟ್ಟಣದ ವರಲಕ್ಷ್ಮಮ್ಮ ಒಳಕೋಣೆಯ ಬಾಗಿಲನ್ನೇ ತೆಗೆಯುತ್ತಿರಲಿಲ್ಲ.

“ವಯಸ್ಸು?”

“ಹದಿನೈದು ತುಂಬಿತು. ನೋಡೋಕೆ ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಎದ್ದು ಹೋಗ್ತಾರೆ.”

“ಹೋಗ್ದೆ ಏನ್ಮಾಡ್ತಾರೆ. ನಮ್ಮ ಕಾಲದಲ್ಲಿ ಮೈಕೈ ತುಂಬ್ಕೊಂಡಿರೋ ಹುಡುಗಿ ಅಂದ್ರೆ ಕಣ್ಣಿಗೊತ್ಕೊಂಡು ಕರ್ಕೊಂಡ್ ಹೋಗೋರು. ಈಗಿನ ಗಂಡು ಬೆಂಗಳೂರಲ್ಲಿ ಟಾಕಿ ನೋಡ್ಕೊಂಡು ಬಂದಿರ್ತಾನೆ. ಅವನಿಗೆ ಕಡ್ಡಿ ಬೇಕು.”

ಮಾತು ಸುಳ್ಳಲ್ಲ. ಅದಕ್ಕೇ ನನಗೆ ಸಿಟ್ಟು ಇನ್ನಷ್ಟು ಏರಿತು. ಮಾಗಡಿಯ ತೆಂಗಿನಕಾಯಿ ಮಂಡಿ ಸಿದ್ದಗಂಗಯ್ಯನವರ ಮಗಳು ದ್ರಾಕ್ಷಾಯಿಣಿ, ಹದಿನಾರು ವರ್ಷದ ಹುಡುಗಿ, ಮೈ ಕೆಂಡವಾಗಿ ಸತ್ತು ಅಂದಿಗೆ ಆರು ದಿನ. ಅವಳ ಕೈಯಲ್ಲಿದ್ದ ಹಳದಿ ಅರಗಿನ ಬಳೆ ನೋಡಿ, “ಈ ಬಣ್ಣದ್ದು ಚನ್ನಪಟ್ಟಣದ ವರಲಕ್ಷ್ಮಮ್ಮ ಒಬ್ಬರೇ ಮಾಡಿಸೋದು” ಎಂದು ಬಳೆಗಾರ್ತಿ ಅಖ್ತರಿ ಹೇಳದಿದ್ದರೆ ನಾನು ಇಲ್ಲಿಗೆ ಬರುತ್ತಲೂ ಇರಲಿಲ್ಲ.

ವರಲಕ್ಷ್ಮಮ್ಮ ಗೋಡೆಯ ಗೂಡಿನಿಂದ ಮರದ ಡಬ್ಬಿ ತೆಗೆದಳು. ಅದರೊಳಗೆ ಕೆಂಪು ಕಾಗದದ ನಾಲ್ಕು ಪೊಟ್ಟಣ. ಒಂದೊಂದರ ಮೇಲೂ ದುಂಡಗಿನ ಅಕ್ಷರ: ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ.

“ರೇಷ್ಮೆ ಹುಳ ನೋಡಿದ್ದೀರಲ್ಲ,” ಎಂದಳು. “ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಪೊರೆ ಬಿಡುತ್ತೆ. ಜ್ವರದಲ್ಲಿ ಎಲೆ ಮುಟ್ಟಲ್ಲ. ನಾಲ್ಕೂ ಮುಗಿದ ಮೇಲೆ ಹಣ್ಣಾಗಿ, ಮೈ ಕನ್ನಡಿ ಆಗಿ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಹತ್ತುತ್ತೆ. ಇದೂ ಹಂಗೇ. ಇಪ್ಪತ್ತು ದಿನಕ್ಕೊಂದು ಜ್ವರ, ಒಂದೊಂದು ಎದ್ದ ಮೇಲೂ ಇನ್ನೊಂದು ಸಣ್ಣ ಬಳೆ ತೂರಬೇಕು. ಒಂದನೇದರಲ್ಲಿ ಮುದ್ದೆ ಬಿಡಬೇಕು, ಎರಡನೇದರಲ್ಲಿ ಅನ್ನ. ಮೂರನೇದಕ್ಕೆ ಬರೀ ಮಜ್ಜಿಗೆ. ನಾಲ್ಕನೇದು ಶುಕ್ರವಾರ ದೀಪ ಹಚ್ಚಿದ ಮೇಲೆ, ಬರೀ ನೀರು, ಈ ಪುಡಿ, ಮೂರು ದಿನ. ಮೈಯೊಳಗಿನ ಕೊಬ್ಬು ತಾನೇ ಉರಿದು ಹೋಗುತ್ತೆ. ಜ್ವರ ಬರುತ್ತೆ, ಹೆದರಬಾರದು. ಅದು ಒಳ್ಳೇ ಜ್ವರ.”

ಒಳ್ಳೇ ಜ್ವರವಂತೆ. ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದಿದ್ದೇನೆ, ಅಂಥದ್ದೊಂದನ್ನೂ ಕಂಡಿಲ್ಲ.

ದ್ರಾಕ್ಷಾಯಿಣಿಯ ಪೆಟ್ಟಿಗೆಯಲ್ಲಿ ಅಂಚೆಗೆ ಹಾಕದ ಕಾಗದವೊಂದು ಸಿಕ್ಕಿತ್ತು. ‘ಪ್ರೀತಿಯ ಗೆಳತಿಗೆ’ ಎಂದಷ್ಟೇ ಇತ್ತು, ಹೆಸರಿಲ್ಲ, ಊರಿಲ್ಲ. ‘ನಂದು ಮೂರನೇ ಜ್ವರ ಎದ್ದಿತು. ಈ ಶುಕ್ರವಾರ ನಾಲ್ಕನೇದಕ್ಕೆ ಕೂರುವುದು. ನಿಂದು ಮುಂದಿನ ಶುಕ್ರವಾರ ಅಲ್ಲವಾ? ಇಬ್ಬರೂ ಹಣ್ಣಾಗಿ ಒಂದೇ ತಿಂಗಳು ಚಂದ್ರಿಕೆ ಹತ್ತೋಣ.’

ದಫೇದಾರ್ ಶರೀಫ್ ಸಾಹೇಬರು ಅದನ್ನು ಓದಿ, ‘ರೇಷ್ಮೆ ಹುಳದ ಬಾಬತ್ತು’ ಎಂದು ಡೈರಿಯಲ್ಲಿ ಬರೆದು ಪಕ್ಕಕ್ಕಿಟ್ಟಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ಅವರ ಮನೆಯಲ್ಲೂ ನೂಲು ಬಿಚ್ಚುತ್ತಾರೆ. ನಾಲ್ಕನೇ ಜ್ವರ ಎಂದರೆ ಈ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಮೊದಲು ಹುಳವೇ ನೆನಪಾಗುತ್ತದೆ. ತೆಂಗಿನಕಾಯಿ ಮಂಡಿಯವರ ಮನೆಯಲ್ಲಿ ಹುಳ ಎಲ್ಲಿಂದ ಬಂತು ಎಂದು ನಾನು ಕೇಳುವ ಹೊತ್ತಿಗೆ ನಾಲ್ಕು ದಿನ ಕಳೆದುಹೋಗಿತ್ತು.

ಮುಂದಿನ ಶುಕ್ರವಾರ ಎಂದು ಅವಳು ಬರೆದಿದ್ದು ಇವತ್ತು. ದೀಪ ಹಚ್ಚುವುದರೊಳಗೆ ಆ ಗೆಳತಿ ಯಾರೆಂದು ನನಗೆ ಗೊತ್ತಾಗಬೇಕಿತ್ತು.

ಸೋಪಿನ ನೀರು ತರಿಸಿಕೊಂಡು ಬಳೆ ಕಿತ್ತಿಟ್ಟೆ. ಚೀಲದಿಂದ ಬಟ್ಟೆಯ ಗಂಟು ತೆಗೆದು ಅವಳ ಮುಂದೆ ಬಿಚ್ಚಿದೆ.

“ಇದು ದ್ರಾಕ್ಷಾಯಿಣಿಯ ರವಿಕೆ.”

ವರಲಕ್ಷ್ಮಮ್ಮನ ಕೈ ಡಬ್ಬಿಯ ಮೇಲೇ ನಿಂತಿತು. “ಯಾರಮ್ಮ ನೀವು?”

“ಕ್ಲೋಸ್‌ಪೇಟೆ ಆಸ್ಪತ್ರೆ ನರ್ಸು. ಎದುರು ಕಾಫಿ ಹೋಟೆಲಿನಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಕೂತಿರೋರು ದಫೇದಾರರು. ಕೂಗಿದರೆ ಬರ್ತಾರೆ. ನಾನಿನ್ನೂ ಕೂಗಿಲ್ಲ.”

ಅವಳು ಅಳಲಿಲ್ಲ, ಗದರಲೂ ಇಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಐವತ್ತರ ಆಚೆಯ ಹೆಂಗಸು, ಸಣ್ಣ ಮೈಕಟ್ಟು. ಪಕ್ಕದ ಮನೆಯಲ್ಲಿ ಬೊಂಬೆ ಕಡೆಯುವ ಚರಕಿಯ ಸದ್ದು ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು.

“ಆ ಮಗು ಚಳಿಜ್ವರದಲ್ಲಿ ಹೋಗಿದ್ದು. ಮಾಗಡಿಯೋರೇ ಹಂಗಂದ್ರು.”

“ಚಳಿಜ್ವರದಲ್ಲಿ ನಡುಕ ಬರುತ್ತೆ. ಅವಳು ಒಂದು ಸಲವೂ ನಡುಗಲಿಲ್ಲ. ಬೆವರಿ ಬೆವರಿ ಹಾಸಿಗೆ ತೊಯ್ದು ಹೋಗಿತ್ತು. ‘ನನ್ನನ್ನ ಬಾವಿಗೆ ಇಳಿಸಿ ಅಪ್ಪಾಜಿ’ ಅಂತ ಬೇಡ್ಕೊಂಡಳಂತೆ. ಸಿದ್ದಗಂಗಯ್ಯನವರು ಅದನ್ನ ಹೇಳುವಾಗ ನನ್ನ ಮುಖ ನೋಡಲಿಲ್ಲ.”

“ಶಿವನೇ.”

“ನನ್ನ ಕರೆಸೋ ಹೊತ್ತಿಗೆ ಜೀವ ಹೋಗಿತ್ತು. ಹೆಣಕ್ಕೆ ಸ್ನಾನ ಮಾಡಿಸಿದವರಲ್ಲಿ ನಾನೂ ಒಬ್ಬಳು. ಮೈಮೇಲೆ ಹೊಯ್ದ ನೀರು ಹಳದಿಯಾಗಿ ಇಳೀತು. ಹೆಂಗಸರೆಲ್ಲ ಅರಿಶಿನ, ಶುಕ್ರವಾರ ಹಚ್ಚಿಕೊಂಡಿದ್ದಳು ಅಂದ್ರು. ನಾನೂ ಅದನ್ನೇ ನಂಬಿದೆ.”

“ಅರಿಶಿನವೇ ಅದು,” ಎಂದು ರವಿಕೆಯ ಕಂಕುಳ ಮುಟ್ಟಿ ನೋಡಿದಳು. ಬಿಳಿ ಬಟ್ಟೆಯಲ್ಲಿ ಅಂಗೈ ಅಗಲದ ಹಳದಿ ಕಲೆ. “ಹೆಂಗಸಿನ ರವಿಕೆಯಲ್ಲಿ ಅರಿಶಿನ ಇರ್ದೆ ಇನ್ನೇನಿರುತ್ತೆ?”

“ನಿಮ್ಮ ಎಲೆಯಡಿಕೆ ತಟ್ಟೆ ಕೊಡಿ.”

ಅವಳು ಅರ್ಥವಾಗದೆ ತಟ್ಟೆ ನೂಕಿದಳು. ಬೆರಳ ತುದಿಯಲ್ಲಿ ಸುಣ್ಣ ತೆಗೆದುಕೊಂಡೆ. ಮೊದಲು ಅವಳ ಕೈ ಹಿಡಿದು, ಬೆಳಿಗ್ಗೆ ಹೊಸ್ತಿಲಿಗೆ ಅರಿಶಿನ ಬಳಿದು ಇನ್ನೂ ಹಳದಿಯಾಗಿದ್ದ ಬೆರಳಿಗೆ ಸುಣ್ಣ ತಿಕ್ಕಿದೆ. ನೋಡನೋಡುತ್ತ ಕೆಂಪಾಯಿತು. ಕುಂಕುಮ ಮಾಡುವ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು.

ಆಮೇಲೆ ಅದೇ ಸುಣ್ಣವನ್ನು ರವಿಕೆಯ ಕಲೆಗೆ ತಿಕ್ಕಿದೆ.

ಹಳದಿ ಹಳದಿಯಾಗೇ ಇತ್ತು. ಇನ್ನೂ ಜೋರಾಯಿತೇ ಹೊರತು ಕೆಂಪಿನ ಸುಳಿವಿಲ್ಲ.

ವರಲಕ್ಷ್ಮಮ್ಮ ತನ್ನ ಬೆರಳು ನೋಡಿದಳು, ರವಿಕೆ ನೋಡಿದಳು. ನಂಬಿಕೆ ಬರಲಿಲ್ಲವೋ ಏನೋ, ತಾನೇ ಒಂದಿಷ್ಟು ಸುಣ್ಣ ತೆಗೆದು ಕಲೆಗೆ ಮತ್ತೆ ಉಜ್ಜಿದಳು. ತುಂಬ ಹೊತ್ತು ಉಜ್ಜಿದಳು.

“ಅದು ಅವಳ ಬೆವರು,” ಎಂದೆ. “ನಿಮ್ಮ ಪುಡಿ ಮೈತುಂಬ ಓಡಾಡಿ ಬೆವರಲ್ಲಿ ಬಂದಿರೋದು. ನಮ್ಮ ಲೇಡಿ ಡಾಕ್ಟರಮ್ಮ ಅವಳ ಪೊಟ್ಟಣದ ಕಾಗದಕ್ಕೆ ಅಂಟಿದ್ದ ಪುಡಿ ನೋಡಿದ ಕೂಡಲೇ ವಿಲಾಯಿತಿ ಪತ್ರಿಕೆ ತೆಗೆದು ಓದಿ ಹೇಳಿದ್ರು. ಬಣ್ಣದ ಕಾರ್ಖಾನೆ ಪುಡಿ ಇದು. ಮಹಾಯುದ್ಧದಲ್ಲಿ ಸಿಡಿಗುಂಡಿಗೆ ತುಂಬ್ತಿದ್ರಂತೆ. ತುಂಬೋ ಕೂಲಿಯೋರು ಸೊರಗಿ ಸೊರಗಿ, ಮೈ ಕಾದು ಸತ್ತರಂತೆ. ಸೊರಗಿದ್ದು ನೋಡಿದ ಯಾರೋ ಪುಣ್ಯಾತ್ಮರು ಇದನ್ನೇ ಮೈ ಇಳಿಸೋ ಔಷಧಿ ಅಂತ ಮಾರೋಕೆ ಹೊರಟರು. ಅಲ್ಲೂ ಜನ ಸಾಯ್ತಾ ಇದಾರೆ. ಕಣ್ಣು ಹೋದೋರೂ ಇದಾರೆ.”

“ಚೆಲುವಯ್ಯ ಸೀಮೆ ಔಷಧಿ ಅಂದ.” ಅವಳ ದನಿ ಇಳಿದಿತ್ತು. “ನೂಲಿಗೆ ಬಣ್ಣ ಮಾರ್ತಾನಲ್ಲ, ಆ ಚೆಲುವಯ್ಯ. ಬೊಂಬಾಯಿಂದ ತರಿಸ್ತಾನೆ. ನಾನೇನು ಕಣ್ಣುಮುಚ್ಕೊಂಡು ಕೊಟ್ಟೆನಾ? ಮೊದಲು ನಾನೇ ಒಂದು ಚಿಟಿಕೆ ತಿಂದು ನೋಡ್ದೆ. ಮೈ ಬೆಚ್ಚಗಾಯ್ತು, ಅಷ್ಟೆ.”

“ಒಂದು ಚಿಟಿಕೆ. ಅವಳಿಗೆ ಕೊಟ್ಟದ್ದು ಎಷ್ಟು?”

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

“ಇನ್ನೊಂದು ಕೇಳ್ತೀನಿ. ಹುಳದ ಲೆಕ್ಕ ಹೇಳಿದ್ರಲ್ಲ, ನಾಲ್ಕನೇ ಜ್ವರ ಎದ್ದ ಹುಳ ಏನು ಮಾಡುತ್ತೆ?”

“ಮೇಯುತ್ತೆ.”

“ಹೆಂಗೆ ಮೇಯುತ್ತೆ?”

ಅವಳು ತಲೆ ತಗ್ಗಿಸಿದಳು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಾಲ್ಕನೇ ಜ್ವರ ಎದ್ದ ಹುಳ ಮೇಯುವ ಸದ್ದು ಸೂರಿನ ಮೇಲೆ ಮಳೆ ಬಿದ್ದಂತೆ ಕೇಳುತ್ತದೆ. ಹಗಲೂ ರಾತ್ರಿ ಸೊಪ್ಪು ಹಾಕಿದರೂ ಸಾಲದು. ಏಳು ದಿನದಲ್ಲಿ ಮೊದಲಿನ ನಾಲ್ಕರಷ್ಟು ದಪ್ಪ.

“ಉಪವಾಸ ಕೆಡವಿದ ಹುಡುಗಿಯೂ ಹಂಗೇ ಮೇಯ್ತಾಳೆ. ಕಳಕೊಂಡ ಮೈ ಬಡ್ಡಿ ಸಮೇತ ವಾಪಸ್ಸು ಬರುತ್ತೆ. ಇದು ನಿಮ್ಮ ವಿದ್ಯೆ. ಬಳೆ ಬೇರೆ. ಕೈಯ ಮೂಳೆ ಕರಗುತ್ತಾ ವರಲಕ್ಷ್ಮಮ್ಮ? ನಾಲ್ಕನೇ ಬಳೆ ಯಾವ ಹುಡುಗಿಗೂ ತೂರಲ್ಲ. ತೂರಲಿಲ್ಲ ಅಂತ ಅವು ಇನ್ನೊಂದು ಚಮಚ ಪುಡಿ ತಿಂತವೆ.”

“ಸಾಕು ಬಿಡಿ.”

“ಸಾಕು ಅಂತೀರಾ? ದ್ರಾಕ್ಷಾಯಿಣಿ ಕಸೂತಿ ಕಲಿಯೋ ನೆಪದಲ್ಲಿ ಇಲ್ಲಿಗೆ ಬಂದಾಗ ಜೊತೆಯಲ್ಲಿದ್ದ ಹುಡುಗಿ ಯಾರು? ಇವತ್ತು ನಾಲ್ಕನೇದಕ್ಕೆ ಕೂರೋಳು.”

ಈಗ ಅವಳು ತಲೆ ಎತ್ತಿದಳು. ಇಷ್ಟು ಹೊತ್ತು ಮೆತ್ತಗಾಗಿದ್ದ ಮುಖ ಗಟ್ಟಿಯಾಯಿತು.

“ಹೆಸರು ಹೇಳಲ್ಲ.”

“ಏನಂದ್ರಿ?”

“ನಲವತ್ತೊಂದು ಮದುವೆ ಮಾಡ್ಸಿದೀನಿ ಕಣ್ರಮ್ಮ. ಕುಂಟಿ, ಕುಳ್ಳಿ, ತಾಯಿಲ್ಲದೋಳು, ತಂದೆ ಓಡಿಹೋದೋಳು, ಎಲ್ಲಾರಿಗೂ ಒಂದೊಂದು ಮನೆ ತೋರ್ಸಿದೀನಿ. ಒಬ್ಬಳ ಹೆಸರೂ ಬಾಯಿಬಿಟ್ಟಿಲ್ಲ. ಪುಡಿ ತಿಂದು ತೆಳ್ಳಗಾದೋಳು ಅಂತ ಗೊತ್ತಾದ್ರೆ ಆ ಹುಡುಗಿ ಮನೆ ಹೊಸ್ತಿಲು ಯಾವನು ತುಳೀತಾನೆ? ನನ್ನ ಬೇಕಾದ್ರೆ ಜೈಲಿಗೆ ಹಾಕ್ಸಿ. ಹುಡುಗಿ ಹೆಸರು ಕೇಳ್ಬೇಡಿ.”

ಅವಳ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಅವಳ ಮೇಲೆ ಗೌರವವೂ ಬಂತು. ಕೆಟ್ಟ ಹೆಂಗಸಾಗಿದ್ದರೆ ಬೆದರಿಸುವುದು ಸುಲಭ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡವಳನ್ನು ಅಲ್ಲಾಡಿಸುವುದು ಕಷ್ಟ. ಹಾಗಂತ ಬರಿಗೈಲಿ ಎದ್ದು ಹೋಗಲು ನಾನು ಬಂದಿರಲಿಲ್ಲ.

“ಸರಿ, ಹೇಳಬೇಡಿ,” ಎಂದು ಚೀಲ ಎತ್ತಿಕೊಂಡೆ. “ನಾನು ಡಂಗುರ ಹೊಡೆಸ್ತೀನಿ.”

“ಏನು ಡಂಗುರ?”

“ಇನ್ನೊಂದು ಗಂಟೆಯಲ್ಲಿ ಚನ್ನಪಟ್ಟಣ, ಕ್ಲೋಸ್‌ಪೇಟೆ, ಮಾಗಡಿ, ಕಾನಕಾನಹಳ್ಳಿ, ಹೋಬಳಿ ಹೋಬಳಿಗೂ ತಮಟೆ ಹೋಗುತ್ತೆ. ‘ವರಲಕ್ಷ್ಮಮ್ಮನವರ ಮನೆಗೆ ಕಸೂತಿ ಕಲಿಯಲು ಹೋಗಿ ಬಂದ ಹುಡುಗಿಯರೆಲ್ಲ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಬಂದು ಹೊಟ್ಟೆ ತೋರಿಸತಕ್ಕದ್ದು.’ ಆಗ ನಿಮ್ಮ ನಲವತ್ತೊಂದು ಮದುವೆ ಮನೆಯಲ್ಲೂ ಅತ್ತೆಯರು ಕೂತು ಮಾತಾಡಿಕೊಳ್ಳಲಿ. ಇಲ್ಲಾಂದ್ರೆ ಒಂದು ಹೆಸರು ನನ್ನ ಕಿವಿಯಲ್ಲಿ ಹೇಳಿ. ನಾನು ನರ್ಸು. ಈ ಊರುಗಳ ಅರ್ಧ ಗುಟ್ಟು ಆಗಲೇ ನನ್ನ ಹೊಟ್ಟೆಯಲ್ಲಿದೆ, ಅದಕ್ಕೇ ಇಷ್ಟು ದಪ್ಪ.”

ಅವಳು ನಗಲಿಲ್ಲ. ನಾನೂ ನಗಲಿಲ್ಲ. ಪಕ್ಕದ ಮನೆಯ ಚರಕಿ ನಿಂತು ಮತ್ತೆ ಶುರುವಾಯಿತು.

“ಈ ಸಲ ಇಬ್ಬರೇ ಇದ್ದದ್ದು,” ಎಂದು ಕೊನೆಗೆ ಅಂದಳು. ನನ್ನ ಭುಜ ಹಿಡಿದು ಕಿವಿಗೆ ಬಾಯಿಟ್ಟಳು. “ಮರಳವಾಡಿ. ಮುನಿಶಾಮಯ್ಯನ ಮಗಳು ಬೋರಮ್ಮ. ದೂರದೂರು ಅಂತ ನಾಲ್ಕೂ ಪೊಟ್ಟಣ ಮೊದಲೇ ಕೊಟ್ಟು ಕಳಿಸ್ಬಿಟ್ಟೆ.”

ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದಳು. “ದ್ರಾಕ್ಷಾಯಿಣಿಗೆ ನೋವಾಯ್ತೇನಮ್ಮ?”

“ಆಯ್ತು,” ಎಂದೆ. ಅವಳಿಗೆ ಅದು ಗೊತ್ತಿರಬೇಕು ಅನ್ನಿಸಿತು.

* * *

ಶರೀಫ್ ಸಾಹೇಬರು ಸುಮ್ಮನೆ ಕೂತಿರಲಿಲ್ಲ. ನಾನು ಚೆಲುವಯ್ಯನ ಹೆಸರೆತ್ತಿದ ಕೂಡಲೇ ಓಡಿಹೋಗಿ ಅವನ ಬಣ್ಣದಂಗಡಿ ನೋಡಿಕೊಂಡು ಬಂದರು.

“ಬೀಗ ಐತೆ ಅಮ್ಮಾವ್ರೇ. ಬೆಳಗಿನ ರೈಲಿಗೆ ಎರಡು ಟ್ರಂಕು ಹೊರಿಸ್ಕಂಡು ಹೋದನಂತೆ. ಯಾರೋ ಮೊದಲೇ ಖಬರ್ ಕೊಟ್ಟವ್ರೆ.”

“ನಾವು ಇಲ್ಲಿಗೆ ಬರೋದು ಯಾರಿಗೆ ಗೊತ್ತಿತ್ತು?”

“ನಿಮಗೆ, ನನಗೆ. ಆಮೇಲೆ ನಿಮ್ಮ ಆಸ್ಪತ್ರೆಯೋರಿಗೆ.”

ಆ ಮಾತು ನನಗೆ ಹಿಡಿಸಲಿಲ್ಲ. ಆದರೆ ಅದನ್ನು ಕೆದಕುತ್ತ ಕೂರಲು ಹೊತ್ತಿರಲಿಲ್ಲ. ಚೆಲುವಯ್ಯ ಯಾವ ಊರಿಗೆ ಟಿಕೇಟು ತೆಗೆದನೆಂದು ವಿಚಾರಿಸಲು ಅಲ್ಲಿನ ಕಾನ್‌ಸ್ಟೇಬಲ್ ಒಬ್ಬನನ್ನು ರೈಲ್ವೆ ಸ್ಟೇಷನ್ನಿಗೆ ಅಟ್ಟಿ, ನಾವಿಬ್ಬರೂ ಕ್ಲೋಸ್‌ಪೇಟೆಗೆ ರೈಲು ಹಿಡಿದೆವು. ಅಲ್ಲಿಂದ ಕಾನಕಾನಹಳ್ಳಿಯ ಬಸ್ಸು.

ಕಲ್ಲುಬೆಟ್ಟಗಳು ಹಿಂದಾದ ಮೇಲೆ ಬಸ್ಸಿನಲ್ಲಿ ಶರೀಫ್ ಸಾಹೇಬರು ಮೆಲ್ಲಗೆ ಬಾಯಿಬಿಟ್ಟರು.

“ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನನ್ ಮಗಳೂ ಒಸಿ ದಪ್ಪ. ಹದಿನಾಲ್ಕು. ಅವಳಮ್ಮ ರಾತ್ರಿ ಊಟ ಬಿಡಿಸ್ಬುಟ್ಟವಳೆ. ಅದು ಸರೀನಾ?”

“ಇವತ್ತೇ ಹೋಗಿ ಊಟ ಹಾಕಿ,” ಎಂದೆ. “ಬೆಳೆಯೋ ಮಗುವಿನ ಊಟ ಬಿಡಿಸಿದರೆ ಮೈ ಇಳಿಯೋಕೆ ಮುಂಚೆ ರಕ್ತ ಇಳಿಯುತ್ತೆ. ಮೂರು ಹೊತ್ತೂ ತಿನ್ನಲಿ. ಮುದ್ದೆ ಒಸಿ ಸಣ್ಣದು ಮಾಡಿ, ಸೊಪ್ಪು ಕಾಳು ಜಾಸ್ತಿ ಮಾಡಿ. ಕರಿದದ್ದು, ಸಿಹಿ ಹಬ್ಬಕ್ಕಿರಲಿ. ಆಮೇಲೆ ಅವಳನ್ನ ನಡೆಸಿ.”

“ನಮ್ಮಲ್ಲಿ ದೊಡ್ಡೋಳಾದ ಹುಡುಗಿ ಬೀದೀಲಿ...”

“ನಿಮಗೆ ಹಿತ್ತಲಿಲ್ವಾ? ಬಾವಿಯಿಲ್ವಾ? ನೀರು ಸೇದಲಿ, ಹಿತ್ತಲು ಸುತ್ತಲಿ.”

“ಎಷ್ಟು ದಿನ ಹಿಡೀತದೆ?”

“ತಿಂಗಳಿಗೆ ಎರಡು ಪೌಂಡು ಇಳಿದರೆ ದೊಡ್ಡದು. ವರ್ಷ ಹಿಡೀಲಿ. ಅಷ್ಟರಲ್ಲಿ ಎತ್ತರವೂ ಆಗ್ತಾಳೆ. ಮನೆಯಲ್ಲಿ ಯಾರೂ ಅವಳನ್ನ ಡುಮ್ಮಿ ಅನ್ನಬಾರದು, ಅದು ಮುಖ್ಯ.”

ಅವರು ಕಿಟಕಿಯಾಚೆ ನೋಡಿದರು. ಅವರೇ ಅಂದಿರಬೇಕು.

“ಮತ್ತೆ ನೀವ್ಯಾಕೆ ಅಮ್ಮಾವ್ರೇ...” ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡರು.

“ದಿನಾ ಐದು ಮೈಲಿ ನಡೀತೀನಿ. ಹೋಳಿಗೆ ಬಿಡೋಕೆ ಆಗಿಲ್ಲ,” ಎಂದೆ.

ಕಾನಕಾನಹಳ್ಳಿಯಲ್ಲಿ ಬೆಂಗಳೂರಿನ ಬಸ್ಸು ಹತ್ತಿ ಹಾರೋಹಳ್ಳಿ ಕಡೆಯ ತಿರುವಿನಲ್ಲಿ ಇಳಿದಾಗ ಮೂರೂವರೆ. ಗಾಡಿ ಯಾವುದೂ ಇರಲಿಲ್ಲ. ಕಾದು ಕೂರುವ ಹೊತ್ತಲ್ಲ. ಸೀರೆ ಎತ್ತಿ ಸಿಕ್ಕಿಸಿ ನಡೆದೇಬಿಟ್ಟೆ. ದಫೇದಾರರು ಅರ್ಧದಾರಿಯಲ್ಲಿ ಬೂಟು ಕೈಗೆ ತೆಗೆದುಕೊಂಡರು. ನಾನು ಎಲ್ಲೂ ನಿಲ್ಲಲಿಲ್ಲ.

ಮರಳವಾಡಿ ಮುಟ್ಟಿದಾಗ ದನ ಇನ್ನೂ ಮನೆಗೆ ಬಂದಿರಲಿಲ್ಲ. ದೀಪ ಹಚ್ಚಲು ಒಂದು ಗಂಟೆಯಾದರೂ ಇತ್ತು. ಬಂದೆನಲ್ಲ, ಹೊತ್ತಿಗೆ ಸರಿಯಾಗಿ ಬಂದೆನಲ್ಲ ಎಂದು ಎದೆ ಹಗುರಾಯಿತು.

ಮುನಿಶಾಮಯ್ಯ ಗೂಡಿನ ವ್ಯಾಪಾರಕ್ಕೆ ಹೋಗಿದ್ದ. ಜಗಲಿಯ ಮೇಲೆ ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತ ಕೂತಿದ್ದಳು.

“ಆಸ್ಪತ್ರೆಯಿಂದ ಬಂದಿದ್ದೀನಿ ತಾಯಿ. ಜ್ವರ ಹೆಂಗಿದೆ?” ಎಂದೆ, ಏದುಸಿರು ಬಿಡುತ್ತ.

“ಮೂರ್ನೇದು ನೆನ್ನೆ ಎದ್ದವೆ ಕಣವ್ವ. ಇನ್ನ ಮೂರ್ ದಿನಕ್ಕೆ ನಾಕ್ನೇದಕ್ಕೆ ಕೂರ್ತವೆ. ಒಸಿ ಸಪ್ಪೆ ಅವೆ ಈ ಸಲ. ಹುಳಿನ ಮನೆ ಕಡೀಕ್ ಮಾತ್ರ ಬರಬ್ಯಾಡಿ, ವರಗಿನೋರು ಬರಂಗಿಲ್ಲ.”

“ಹುಳ ಅಲ್ಲ. ಬೋರಮ್ಮ. ನಿಮ್ಮ ಮಗಳು.”

“ಓ, ಅವ್ಳಾ.” ಮಚ್ಚು ಕೆಳಗಿಟ್ಟಳು. “ಅವ್ಳಿಗೆ ಚಳಿಜ್ವರ. ಮಂಗ್ಳಾರದಿಂದ ಗಡಗಡ ನಡುಗ್ತಾವ್ಳೆ. ಒಳಗ್ ಮಲಗವ್ಳೆ, ನೋಡೋಗಿ.”

ನಡುಕ ಎಂಬ ಮಾತು ಕೇಳಿ ನನಗೆ ಹೋದ ಜೀವ ಬಂತು. ದೇವರಿಗೆ ಒಂದು ತೆಂಗಿನಕಾಯಿ ಹರಕೆ ಹೊತ್ತೆ.

ಬೋರಮ್ಮ ಎರಡು ಕಂಬಳಿ ಹೊದ್ದು ಮಲಗಿದ್ದಳು. ದುಂಡು ಮುಖ, ಗಟ್ಟಿ ಮೈ, ಹೊಲದ ಬಿಸಿಲು ಕಂಡ ಬಣ್ಣ. ತಾಯಿ ಹೊರಗೆ ಹೋಗುವವರೆಗೆ ಕಾದು ಪಕ್ಕದಲ್ಲಿ ಕೂತೆ.

“ವರಲಕ್ಷ್ಮಮ್ಮನ ಪುಡಿ ತಿಂದೆಯಾ ಮಗ? ನಿಜ ಹೇಳು, ಬೈಯಲ್ಲ.”

ಅವಳು ಬಾಗಿಲ ಕಡೆ ನೋಡಿದಳು. “ಒಂದ್ನೇದು ತಿಂದೆ. ಎದೆ ಡವಡವ ಅಂತ ಎರಡು ರಾತ್ರಿ ನಿದ್ದೆ ಬರ್ನಿಲ್ಲ. ಅವತ್ಗೇ ಬುಟ್ಬುಟ್ಟೆ.”

“ಉಳಿದ ಮೂರು?”

“ಮುಟ್ನಿಲ್ಲ. ಬಿಸಾಕಕ್ಕೂ ಭಯ, ಕೋಳಿಗೀಳಿ ತಿಂದಾವು ಅಂತ. ಅವ್ವಂಗೆ ಗೊತ್ತಿಲ್ಲ. ಅಲ್ಲಿ ಬಳೆ ಪೆಟ್ಟಿಗೇಲಿ ಮಡಗಿವ್ನಿ.” ಆಮೇಲೆ ನಾಚಿಕೆಯಿಂದ ಅಂದಳು. “ನಾನೇ ಇಳಿದಿವ್ನಿ, ಪುಡಿ ಇಲ್ದೇವೆ. ಮೂರು ತಿಂಗ್ಳಿಂದ ದಿನಾ ತೋಟದಿಂದ ಸೊಪ್ಪು ನಾನೇ ಹೊತ್ಕಂಡ್ ಬತ್ತೀನಿ. ಎರಡು ಮುದ್ದೆ ಉಣ್ತಿದ್ದೆ, ಈಗ ಒಂದು. ಸೊಪ್ಪಿನ್ ಸಾರು ಜಾಸ್ತಿ ಹುಯ್ಕತೀನಿ. ಹಳೇ ರವಿಕೆ ಆಯ್ತದೆ ಈಗ. ದ್ರಾಕ್ಷಾಯಿಣಿಗೂ ಕಾಗದ ಬರೀಬೇಕು, ಅವಳೂ ಬುಟ್ಬುಡ್ಲಿ ಅಂತ.”

ದ್ರಾಕ್ಷಾಯಿಣಿ ಸತ್ತದ್ದು ಈ ಮಗುವಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಅವಳ ತಲೆ ಸವರಿ, “ನಿನ್ನಷ್ಟು ಬುದ್ಧಿ ನನ್ನ ಹತ್ತಿರ ಬರೋ ದೊಡ್ಡವರಿಗೂ ಇಲ್ಲ ಕಣೆ,” ಎಂದೆ.

ಪೆಟ್ಟಿಗೆ ಮೂಲೆಯಲ್ಲಿತ್ತು. ಆ ಪೊಟ್ಟಣಗಳು ಕೋರ್ಟಿಗೆ ಬೇಕು. ತೆಗೆದು ನೋಡಿದೆ. ಮೇಲೆ ನಾಲ್ಕು ಹಳದಿ ಬಳೆ, ಅದರ ಕೆಳಗೆ ಕೆಂಪು ಕಾಗದ. ಎರಡನೇ ಜ್ವರ. ಮೂರನೇ ಜ್ವರ.

ಇನ್ನೊಂದು ಇರಲಿಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿದೆ, ಆಗಲೂ ಇರಲಿಲ್ಲ.

ತಾಯಿ ಬಿಸಿನೀರಿನ ಚೊಂಬು ಹಿಡಿದು ಒಳಗೆ ಬಂದಳು. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿ ಅವಳ ಮುಖ ಅರಳಿತು.

“ಅವು ನಿಮ್ ಆಸ್ಪತ್ರೇವೇ ಅಲ್ವಾ? ನಾನೂ ಹಂಗೇ ಅನ್ಕಂಡೆ. ಮಗ ನರಳ್ತಿತ್ತು, ಏನಾರ ಐತಾ ಅಂತ ಪೆಟ್ಟಿಗೆ ತಡಕಾಡ್ದೆ. ನಾನು ಒಂದ್ನೇ ಕ್ಲಾಸು ಓದಿವ್ನಿ ಕಣವ್ವ. ಅಕ್ಸರ ಕೂಡಿಸ್ಕಂಡು ಓದ್ದೆ. ‘ನಾಲ್ಕನೇ ಜ್ವರ’ ಅಂತ ಇತ್ತು. ಮಂಗ್ಳಾರ, ಬುಧವಾರ, ಬೇಸ್ತವಾರ, ಶುಕ್ರವಾರ. ಇವತ್ಗೆ ನಾಕ್ನೇ ಜ್ವರ ಸರಿಯಾಗಿ ಲೆಕ್ಕ ಬಂತು. ಜೇನುತುಪ್ಪದಲ್ಲಿ ಕಲ್ಸಿ ನೆಕ್ಕಿಸ್ದೆ.”

“ಎಷ್ಟು?”

“ಎಲ್ಲಾನೂವೆ. ಒಂದ್ ಚೂರೂ ಬುಡ್ನಿಲ್ಲ.”

“ಯಾವಾಗ?”

“ಈಗ, ನೀವ್ ಬರಕ್ಕೆ ಒಸಿ ಮುಂಚೆ. ಚಳಿ ಆಗ್ಲೇ ನಿಂತೋಯ್ತು ನೋಡಿ.”

ಬೋರಮ್ಮ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಎರಡೂ ಕಂಬಳಿ ಕಾಲಬುಡದಲ್ಲಿ ಬಿದ್ದಿದ್ದವು. ಅವಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

“ದಫೇದಾರ್ರೇ, ಉಪ್ಪು ತನ್ನಿ,” ಎಂದು ಕೂಗಿದೆ. “ಒಲೆ ಪಕ್ಕ ನೋಡಿ, ಗಡಿಗೆಯಲ್ಲಿರುತ್ತೆ. ಬಾವಿಯಿಂದ ತಣ್ಣೀರು, ಎಷ್ಟು ಕೊಡ ಆಗುತ್ತೋ ಅಷ್ಟು. ಬಾಗಿಲು ಕಿಟಕಿ ಎಲ್ಲ ತೆಗೆಯಿರಿ.”

ಚೊಂಬಿನ ನೀರಿಗೆ ಹಿಡಿ ಉಪ್ಪು ಕಲಸಿ ಅವಳ ಬಾಯಿಗೆ ಹೊಯ್ದೆ. ಕುಡಿದಳು. ಇನ್ನೊಂದು ಚೊಂಬು. ಅದನ್ನೂ ಕುಡಿದಳು, ಪಾಪ. ಅವಳನ್ನು ತೊಡೆಯ ಮೇಲೆ ಬೋರಲು ಕೆಡವಿ ಗಂಟಲಿಗೆ ಎರಡು ಬೆರಳು ಹಾಕಿದೆ. ಉಪ್ಪುನೀರು ಬಂತು. ಮತ್ತೆ ಹಾಕಿದೆ. ಮತ್ತೆ ಬರೀ ಉಪ್ಪುನೀರು, ಬಿಳಿ ನೀರು.

“ಬರುತ್ತೆ, ಬಂದೇ ಬರುತ್ತೆ, ನಾನು ಬಿಡಲ್ಲ,” ಎಂದು ಅವಳಿಗೆ ಹೇಳಿದೆನೋ ನನಗೆ ಹೇಳಿಕೊಂಡೆನೋ. ನನ್ನ ತೊಡೆಗೆ ಒತ್ತಿದ್ದ ಅವಳ ಎದೆ ಅವಸರವಸರವಾಗಿ ಬಡಿದುಕೊಳ್ಳತೊಡಗಿತ್ತು.

ದೊಡ್ಡಲಕ್ಷ್ಮಮ್ಮ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ಜೇನುತುಪ್ಪದ ಬಟ್ಟಲು ಇತ್ತು.

“ಯಾಕವ್ವ,” ಎಂದಳು, “ನಾನು ಕೊಡಬಾರ್ದಾಗಿತ್ತಾ?”